ಕಂಚಿನ ಮೂರ್ತಿ ಕೊಳ್ಳುವಾಗ ಮೊದಲು ಕೈಗಳನ್ನು ನೋಡಿ

ಗೃಹಪ್ರವೇಶಕ್ಕೋ, ಮಗಳ ರಂಗಪ್ರವೇಶಕ್ಕೋ, ಪರದೇಶದಲ್ಲಿರುವ ಮಗನ ಮನೆಗೆಂದೋ ಒಂದು ಕಂಚಿನ ನಟರಾಜನನ್ನು ಕೊಳ್ಳಲು ಹೊರಟವರ ಪಾಡು ಹೆಚ್ಚುಕಡಿಮೆ ಒಂದೇ. ಅಂಗಡಿಯ ಕಪಾಟಿನಲ್ಲಿ ಸರಿಸುಮಾರು ಒಂದೇ ಎತ್ತರದ ನಾಲ್ಕು ನಟರಾಜರು ನಿಂತಿರುತ್ತಾರೆ. ಅಗ್ಗದ್ದಕ್ಕೂ ದುಬಾರಿಯದಕ್ಕೂ ಬೆಲೆಯಲ್ಲಿ ಅಜಗಜಾಂತರ. ಕೇಳಿದರೆ ನಾಲ್ಕೂ ಪಂಚಲೋಹದ್ದೇ, ನಾಲ್ಕೂ ಕೈಕೆಲಸದ್ದೇ. ನೀವು ಲೋಹದ ಬಗ್ಗೆ ಪ್ರಶ್ನೆ ಹಾಕುತ್ತೀರಿ, ಅಂಗಡಿಯವರು ಚಿನ್ನ-ಬೆಳ್ಳಿಯ ಮಾತು ತೆಗೆಯುತ್ತಾರೆ. ನೀವು ಮೂರ್ತಿಯನ್ನು ಎತ್ತಿ ತೂಕ ನೋಡುತ್ತೀರಿ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತೀರಿ, ಚೌಕಾಸಿ ಮಾಡಿ ಯಾವುದೋ ಒಂದನ್ನು ಮನೆಗೆ ತರುತ್ತೀರಿ. ಇಷ್ಟೆಲ್ಲ ನಡೆಯುವಾಗ ಆ ಮೂರ್ತಿ ಕೈಗಳಲ್ಲಿ ಏನು ಹಿಡಿದಿದೆ ಎಂದು ಯಾರೂ ನೋಡಿರುವುದಿಲ್ಲ.

ನೋಡಬೇಕಾದದ್ದು ಅಲ್ಲಿಯೇ. ಕೈಯ ಮುದ್ರೆ, ಆಯುಧ, ಜಟೆ, ಕಿವಿಯೋಲೆ, ಪಾದದಡಿಯ ಆಕೃತಿ ಇವನ್ನೆಲ್ಲ ‘ಸಂಕೇತ’ ಎಂದು ಕರೆದು ಪೂಜೆ-ಪುರಾಣದ ಕಡೆಗೆ ತಳ್ಳಿಬಿಡುವುದು, ಕೊಳ್ಳುವಾಗ ಬೇಕಾದದ್ದು ಲೋಹದ ತಿಳಿವಳಿಕೆ ಮಾತ್ರ ಎಂದುಕೊಳ್ಳುವುದು ನಮ್ಮ ರೂಢಿ. ಆದರೆ ಎರಕ ಕೈಕೊಡುವ ಜಾಗ ಯಾವುದೋ, ಮೂರ್ತಿಯ ಅರ್ಥ ಕೂತಿರುವ ಜಾಗವೂ ಅದೇ. ಹೀಗಾಗಿ ಲಕ್ಷಣ ಓದಲು ಬಂದವರಿಗೆ ಕೆಲಸದ ಗುಣ ಅಳೆಯಲೂ ಬರುತ್ತದೆ. ಅದು ಏಕೆ ಎಂಬುದನ್ನು ಮೊದಲು ನೋಡಿ, ಆಮೇಲೆ ಅಂಗಡಿಗೆ ಹೋಗೋಣ.

ಎರಕ ಎಲ್ಲಿ ಸೋಲುತ್ತದೆ

ದಕ್ಷಿಣದಲ್ಲಿ ಕಂಚಿನ ಮೂರ್ತಿ ಎಂದೊಡನೆ ನೆನಪಾಗುವ ಊರು ಕುಂಭಕೋಣದ ಪಕ್ಕದ ಸ್ವಾಮಿಮಲೈ. ಗರ್ಭಗುಡಿಯ ಕಲ್ಲಿನ ಮೂರ್ತಿಯನ್ನು ಬೀದಿಗೆ ತರಲಾಗದು. ಉತ್ಸವಕ್ಕೆ ಹೊತ್ತೊಯ್ಯಲು ಲೋಹದ ಮೂರ್ತಿ ಬೇಕಾಯಿತು. ಚೋಳರ ಕಾಲದಲ್ಲಿ, ಅದರಲ್ಲೂ ಹತ್ತನೆಯ ಶತಮಾನದ ರಾಣಿ ಸೆಂಬಿಯನ್ ಮಹಾದೇವಿಯ ಆಶ್ರಯದಲ್ಲಿ, ಈ ಕೆಲಸ ಉತ್ತುಂಗಕ್ಕೇರಿತು. ಅದೇ ಪದ್ಧತಿಯನ್ನು ಸ್ವಾಮಿಮಲೈಯ ಸ್ಥಪತಿಗಳು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಅವರ ಮೂರ್ತಿಗಳಿಗೆ ಜಿಐ ಮಾನ್ಯತೆಯಿದೆ, 2023ರಲ್ಲಿ ದೆಹಲಿಯ ಭಾರತ ಮಂಟಪದ ಮುಂದೆ ನಿಂತ 27 ಅಡಿಯ ನಟರಾಜನೂ ಅಲ್ಲಿಯವರ ಕೆಲಸವೇ. ಕನ್ನಡ ನಾಡಿಗೂ ಈ ವಿದ್ಯೆ ಹೊರಗಿನದಲ್ಲ. ಮೇಣದ ಎರಕದ ವಿಧಾನವನ್ನು ಹಂತಹಂತವಾಗಿ ಹೇಳುವ ಹಳೆಯ ಗ್ರಂಥಗಳಲ್ಲಿ ಮುಖ್ಯವಾದ ‘ಮಾನಸೋಲ್ಲಾಸ’ ಕಲ್ಯಾಣದ, ಎಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನದು. ಸ್ವಾಮಿಮಲೈಯ ಅಚ್ಚಿಗೆ ಹತ್ತುವ ನುಣುಪು ಮಣ್ಣೋ, ತಲಕಾವೇರಿಯಿಂದ ಹೊರಟ ನದಿ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದು ಸುರಿದ ಮೆಕ್ಕಲು.

ಕೆಲಸ ನಡೆಯುವ ಬಗೆ ಹೀಗೆ. ಜೇನುಮೇಣಕ್ಕೆ ರಾಳ ಮತ್ತು ಒಂದಿಷ್ಟು ಕಡಲೆಕಾಯಿ ಎಣ್ಣೆ ಸೇರಿಸಿ ಕಾಯಿಸಿ ಹದ ಮಾಡುತ್ತಾರೆ. ತಲೆ, ಮುಂಡ, ಕೈಕಾಲುಗಳನ್ನು ಆ ಮೇಣದಲ್ಲೇ ರೂಪಿಸಿ, ಕಾದ ಕಬ್ಬಿಣದ ತುದಿಯಿಂದ ಒಂದಕ್ಕೊಂದು ಬೆಸೆಯುತ್ತಾರೆ. ಒಡವೆ, ಜನಿವಾರ, ಉಟ್ಟ ಬಟ್ಟೆಯ ಮಡಿಕೆ ಎಲ್ಲವೂ ಮೊದಲು ಮೇಣದಲ್ಲಿ ಆಗಬೇಕು. ಲೋಹ ಹರಿದು ಬರಲು, ಗಾಳಿ ಹೊರಹೋಗಲು ಮೇಣದ ಕಡ್ಡಿಗಳನ್ನು ಅಂಟಿಸುತ್ತಾರೆ. ಇದಕ್ಕೆ ಮೊದಲ ಲೇಪ ಮೆಕ್ಕಲು ಮಣ್ಣಿನ ತೆಳುವಾದ ಕೆಸರು. ಪ್ರತಿ ಗೆರೆಯ ಒಳಕ್ಕೂ ಅದು ಇಳಿಯಬೇಕು, ನೆರಳಲ್ಲಿ ಒಣಗಬೇಕು. ಆಮೇಲೆ ಒರಟು ಮಣ್ಣಿನ ಪದರಗಳು, ಮೂರ್ತಿ ದೊಡ್ಡದಾದರೆ ಕಬ್ಬಿಣದ ತಂತಿಯ ಬಿಗಿ. ಒಣಗಿದ ಅಚ್ಚನ್ನು ಬೆಂಕಿಯ ಮೇಲಿಟ್ಟರೆ ಮೇಣ ಕರಗಿ ಹೊರಗೆ ಹರಿದು, ಒಳಗೆ ಮೂರ್ತಿಯ ಆಕಾರದ ಪೊಳ್ಳು ಉಳಿಯುತ್ತದೆ. ಬಾಯಿ ಮೇಲಿರುವಂತೆ ಅಚ್ಚನ್ನು ನೆಲದಲ್ಲಿ ಹೂತು, ಅದು ಬಿಸಿಯಿರುವಾಗಲೇ ಮೂಸೆಯ ಲೋಹವನ್ನು ಎಳೆ ಕಡಿಯದಂತೆ ಹೊಯ್ಯುತ್ತಾರೆ. ಒಂದು ಕೆ.ಜಿ. ಮೇಣ ಕುಳಿತಿದ್ದ ಜಾಗಕ್ಕೆ ಸುಮಾರು ಒಂಬತ್ತು ಕೆ.ಜಿ. ಕಂಚು ಬೇಕು, ಕಂಚಿನ ಸಾಂದ್ರತೆ ಮೇಣದ ಒಂಬತ್ತು ಪಟ್ಟಿನ ಆಸುಪಾಸು ಇರುವುದರಿಂದ. ಲೋಹದ ಪ್ರಮಾಣವನ್ನು ಮೇಣದ ತೂಕದ ಇಷ್ಟು ಪಟ್ಟು ಎಂದು ಲೆಕ್ಕ ಹಾಕುವ ಕ್ರಮ ಮಾನಸೋಲ್ಲಾಸದಲ್ಲೂ ಇದೆ. ತಣಿದ ಮೇಲೆ ಅಚ್ಚು ಒಡೆಯಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ.

ಈಗ ಯೋಚಿಸಿ: ಹೊಯ್ದ ಲೋಹ ಕೊನೆಗೆ ತಲುಪುವುದು ಎಲ್ಲಿಗೆ? ದಪ್ಪನೆಯ ಮುಂಡಕ್ಕಲ್ಲ, ಬೆರಳ ತುದಿಗೆ, ಡಮರುವಿನ ನಡುವಿಗೆ, ಬೆಂಕಿಯ ನಾಲಿಗೆಗೆ, ಹಾವಿನ ಹೆಡೆಗೆ. ಈ ತೆಳು ಜಾಗಗಳಲ್ಲೇ ಲೋಹ ಬೇಗ ತಣ್ಣಗಾಗುತ್ತದೆ, ಗಾಳಿ ಸಿಕ್ಕಿಕೊಳ್ಳುತ್ತದೆ, ಬೆರಳು ಅರ್ಧಕ್ಕೆ ನಿಲ್ಲುತ್ತದೆ. ಎರಕವಾದ ನಂತರ ಉಳಿ ಮತ್ತು ಅರ ಹಿಡಿದು ಕೂರುವ ಕುಸುರಿಯವರ ಶ್ರಮ ಹೆಚ್ಚು ಬೀಳುವುದೂ ಅಲ್ಲಿಯೇ. ಅಗ್ಗದ ದಾರಿಯಲ್ಲಿ, ಎಂದರೆ ಎರಡು ಹೋಳಿನ ಮರಳಚ್ಚಿನಲ್ಲಿ, ತೊಡಕು ಬೇರೆ ಬಗೆಯದು. ಅಚ್ಚಿನ ಎರಡು ಭಾಗಗಳು ನೇರವಾಗಿ ಬಿಟ್ಟುಕೊಳ್ಳಬೇಕಾದರೆ ಬೆರಳು ಬೆರಳಿನ ನಡುವಿನ ಸಂದು, ತೋಳು ಮತ್ತು ಪಕ್ಕೆಯ ನಡುವಿನ ಬೆಳಕಿಂಡಿ ಇರಬಾರದು. ಆದ್ದರಿಂದ ಅವನ್ನು ಲೋಹದಿಂದ ಮುಚ್ಚಿಬಿಡುತ್ತಾರೆ. ಡಮರು ಒಂದು ಉಂಡೆಯಾಗುತ್ತದೆ, ಅಗ್ನಿ ಮೊಗ್ಗಾಗುತ್ತದೆ, ಅಭಯಹಸ್ತ ಒಂದು ಸೌಟಿನಂತೆ ನಿಲ್ಲುತ್ತದೆ. ಹೊಟ್ಟೆ, ತೊಡೆ, ಪೀಠ ಯಾವ ವಿಧಾನದಲ್ಲಾದರೂ ಚೆನ್ನಾಗಿಯೇ ಬರುತ್ತವೆ. ಕೆಲಸದ ವ್ಯತ್ಯಾಸ ಕಾಣುವುದು ತುದಿಗಳಲ್ಲಿ, ತುದಿಗಳಲ್ಲೇ ಲಕ್ಷಣ ಇರುವುದು.

ಆಯುಧ ಅದಲುಬದಲಾದರೆ

ಲಕ್ಷಣ ಬರಿಯ ಅಲಂಕಾರವಲ್ಲ ಎನ್ನಲು ವಿಷ್ಣುವಿನ ಮೂರ್ತಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಂಧ್ಯಾವಂದನೆಯಲ್ಲಿ ಕೇಶವ, ನಾರಾಯಣ, ಮಾಧವ ಎಂದು ಶುರುವಾಗಿ ಕೃಷ್ಣನವರೆಗೆ ಬರುವ 24 ಹೆಸರುಗಳು ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ಶಿಲ್ಪದಲ್ಲಿ ಈ 24 ಮೂರ್ತಿಗಳಿಗೂ ಮುಖ ಒಂದೇ, ನಿಲುವು ಒಂದೇ, ಕಿರೀಟವೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂಬುದು ಮಾತ್ರ. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ ಇಡಲು ಸಾಧ್ಯವಿರುವ ಕ್ರಮಗಳೂ ಸರಿಯಾಗಿ 24. ಹೊಯ್ಸಳ ಗುಡಿಗಳ ಹೊರಗೋಡೆಯಲ್ಲಿ ಈ ರೂಪಗಳನ್ನು ಕಂಡವರು ಎಲ್ಲವನ್ನೂ ‘ವಿಷ್ಣು’ ಎಂದು ದಾಟಿ ಹೋಗಿರಬಹುದು. ಕೆತ್ತಿದವರು ಹಾಗೆ ಎಣಿಸಿರಲಿಲ್ಲ. ಶಂಖವನ್ನೂ ಚಕ್ರವನ್ನೂ ಅತ್ತಿಂದಿತ್ತ ಮಾಡಿದರೆ ಮೂರ್ತಿಯ ಹೆಸರೇ ಬದಲಾಗುತ್ತದೆ.

ನಟರಾಜನ ವಿಷಯದಲ್ಲಿ ಓದು ಇನ್ನೂ ದಟ್ಟ. ಹಿಂದಿನ ಬಲಗೈಯ ಡಮರು ಸೃಷ್ಟಿ, ಮುಂದಿನ ಬಲಗೈಯ ಅಭಯ ಸ್ಥಿತಿ, ಹಿಂದಿನ ಎಡಗೈಯ ಅಗ್ನಿ ಸಂಹಾರ, ಅಪಸ್ಮಾರನ ಮೇಲೆ ಊರಿದ ಪಾದ ತಿರೋಭಾವ, ಎತ್ತಿದ ಪಾದ ಅನುಗ್ರಹ. ಮುಂದಿನ ಎಡಗೈ ಆನೆಯ ಸೊಂಡಿಲಿನ ಹಾಗೆ ಎದೆಗೆ ಅಡ್ಡ ಬಂದು ಆ ಎತ್ತಿದ ಪಾದವನ್ನೇ ತೋರಿಸುತ್ತದೆ. ಬಲಗಿವಿಯಲ್ಲಿ ಗಂಡಸಿನ ಮಕರಕುಂಡಲ, ಎಡಗಿವಿಯಲ್ಲಿ ಹೆಂಗಸಿನ ದುಂಡು ಓಲೆ. ಅರ್ಧನಾರಿ ತತ್ತ್ವ ಎರಡು ಕಿವಿಗಳಲ್ಲಿ ಮುಗಿದುಹೋಗುತ್ತದೆ. ಹರಡಿದ ಜಟೆಯ ಬಲಭಾಗದಲ್ಲಿ ಕೈಮುಗಿದ ಪುಟ್ಟ ಗಂಗೆ, ತಲೆಯಲ್ಲಿ ಚಂದ್ರನ ಚೂರು. ಒಂದು ಎಚ್ಚರಿಕೆಯ ಮಾತು: ಪಂಚಕೃತ್ಯದ ಈ ವಿವರಣೆಯನ್ನು ಅಂಗ ಅಂಗಕ್ಕೆ ಹೊಂದಿಸಿ ಹೇಳುವ ತಮಿಳಿನ ‘ಉಣ್ಮೈ ವಿಳಕ್ಕಂ’ ಹದಿಮೂರನೆಯ ಶತಮಾನದ್ದು. ಚೋಳರ ಮೊದಲ ನಟರಾಜರು ಅದಕ್ಕಿಂತ ಹಳಬರು. ಆದ್ದರಿಂದ ‘ಶಿಲ್ಪಿ ಇದನ್ನೇ ಮನಸ್ಸಿನಲ್ಲಿಟ್ಟು ಮಾಡಿದ’ ಎಂದು ಅಂಗಡಿಯವರು ಹೇಳುವುದನ್ನು ಪೂರ್ತಿ ನಂಬಬೇಕಿಲ್ಲ. ವಿವರಣೆ ಯಾವಾಗ ಬಂದಿರಲಿ, ಅದು ಆತುಕೊಂಡಿರುವುದು ಮೂರ್ತಿಯ ಆ ಅಂಗಗಳನ್ನೇ. ಅವು ಕಾಣದಿದ್ದರೆ ಯಾವ ವಿವರಣೆಗೂ ನೆಲೆಯಿಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ: ಗ್ರಂಥದಿಂದ ಗ್ರಂಥಕ್ಕೆ ಲಕ್ಷಣ ಬೇರೆಯಾಗುತ್ತದಲ್ಲ, ಸರಿ ಯಾವುದು ಎಂದು ಕೊಳ್ಳುವವರು ತೀರ್ಮಾನಿಸುವುದು ಹೇಗೆ? ನಿಜ, 24 ಮೂರ್ತಿಗಳ ಆಯುಧಕ್ರಮದಲ್ಲೇ ಪುರಾಣಗಳ ನಡುವೆ ಒಮ್ಮತವಿಲ್ಲ. ಮಧುರೈಯ ವೆಳ್ಳಿಯಂಬಲದ ನಟರಾಜ ಎಡಗಾಲು ಊರಿ ಬಲಗಾಲನ್ನು ಎತ್ತಿದ್ದಾನೆ, ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಆದರೆ ಕೊಳ್ಳುವವರು ಶಾಸ್ತ್ರದ ತೀರ್ಪು ಕೊಡಬೇಕಾಗಿಲ್ಲ. ನೋಡಬೇಕಾದದ್ದು ಎರಡೇ: ಕೈಯಲ್ಲಿರುವುದು ಏನೆಂದು ಗುರುತು ಸಿಗುತ್ತದೆಯೇ, ಮಾಡಿದವರಿಗೆ ಅದು ಏನೆಂದು ಗೊತ್ತಿತ್ತೇ. ಡಮರುವಿಗೆ ಕಟ್ಟಿದ ಪಟ್ಟಿ, ಅದನ್ನು ಹಿಡಿದ ಬೆರಳುಗಳ ಬಿಗಿ ಇವುಗಳಲ್ಲಿ ಗೊತ್ತಿದ್ದದ್ದು ಕಾಣುತ್ತದೆ. ನಕಲಿನ ನಕಲು ಮಾಡಿದವರ ಡಮರುವಿನಲ್ಲಿ ಪಟ್ಟಿ ಇರುವುದಿಲ್ಲ, ಬೆರಳು ಯಾವುದನ್ನೂ ಹಿಡಿದಿರುವುದಿಲ್ಲ.

‘ಭಕ್ತಿ ಇದ್ದರೆ ಸಾಲದೇ?’ ಎಂಬುದು ಇನ್ನೊಂದು ಆಕ್ಷೇಪ. ಸಾಕು. ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕ ಎಂದು ಕೈಮುಗಿಯುವ ನಾಡು ನಮ್ಮದು. ಕಲಶಕ್ಕೆ ಮುಖ ಬೇಡ, ಸಾಲಿಗ್ರಾಮಕ್ಕೆ ಕೈಕಾಲು ಬೇಡ. ಪೂಜೆಗೆ ರೂಪ ಅನಿವಾರ್ಯವಲ್ಲ ಎಂಬುದು ನಿಜವಾಗಿರುವುದರಿಂದಲೇ, ರೂಪಕ್ಕೆಂದು ದುಡ್ಡು ಕೊಟ್ಟು ಕೊಳ್ಳುವಾಗ ರೂಪ ಸರಿಯಾಗಿರಲಿ ಎನ್ನುವುದು ನ್ಯಾಯ.

ಅಂಗಡಿಯಲ್ಲಿ ನೋಡುವ ಕ್ರಮ

1. ಬಲ-ಎಡ ಮೂರ್ತಿಯದು, ನಿಮ್ಮದಲ್ಲ. ಎದುರು ನಿಂತಾಗ ನಿಮ್ಮ ಎಡಕ್ಕೆ ಕಾಣುವುದು ದೇವರ ಬಲಗೈ. ಮೊದಲು ಜನಿವಾರ ನೋಡಿ; ಅದು ಮೂರ್ತಿಯ ಎಡಭುಜದಿಂದ ಇಳಿಯಬೇಕು. ಅದೇ ತಿರುಗುಮುರುಗಾಗಿದ್ದರೆ ಮಾಡಿದವರು ಕನ್ನಡಿಯಲ್ಲಿ ಕಂಡಂತಹ ಚಿತ್ರವನ್ನು ನೋಡಿ ಮಾಡಿದ್ದಾರೆ ಎಂದರ್ಥ. ಮುಂದೆ ನೋಡುವುದೇ ಬೇಡ.

2. ಸಂದುಗಳಲ್ಲಿ ಬೆಳಕು ಹಾಯುತ್ತದೆಯೇ ನೋಡಿ. ಮೊಬೈಲಿನ ಟಾರ್ಚನ್ನು ಮೂರ್ತಿಯ ಹಿಂದೆ ಹಿಡಿಯಿರಿ. ತೋಳು-ಪಕ್ಕೆಯ ನಡುವೆ, ಕಾಲುಗಳ ನಡುವೆ, ನಟರಾಜನಾದರೆ ಜಟೆಯ ಎಳೆ ಎಳೆಗಳ ನಡುವೆ ಬೆಳಕು ಸ್ವಚ್ಛವಾಗಿ ಬರಬೇಕು. ಸಂದಿನ ಒಳಅಂಚನ್ನು ಬೆರಳಿನಿಂದ ಸವರಿ. ಉಳಿ ಆಡಿದ ಅಂಚು ನಯವಾಗಿರುತ್ತದೆ, ಬರಿ ಅಚ್ಚಿನಿಂದ ಬಂದದ್ದು ಚೂರು ಚೂರಾಗಿ ಕೈಗೆ ತಾಗುತ್ತದೆ. ತೋಳಿನ ಹೊರಮೈಯಿಂದ ಪಕ್ಕೆ, ತೊಡೆ, ಪೀಠದವರೆಗೆ ಒಂದೇ ನೇರದಲ್ಲಿ ಸಣ್ಣ ಏಣು ಹಾದುಹೋಗಿದ್ದರೆ ಅದು ಎರಡು ಹೋಳಿನ ಅಚ್ಚಿನ ಸೇರುಗೆರೆ. ಅರದಿಂದ ಉಜ್ಜಿ ಮರೆಮಾಚಿದ್ದರೂ ಕಂಕುಳ ಕೆಳಗೆ ಅದು ಸಾಮಾನ್ಯವಾಗಿ ಉಳಿದಿರುತ್ತದೆ.

3. ದೇವಿಯ ಕೈಯಲ್ಲಿ ಹೂವು ನಿಲ್ಲುತ್ತದೆಯೇ ಪರೀಕ್ಷಿಸಿ. ಪಾರ್ವತಿಯ, ಶಿವಕಾಮಿಯ ಬಲಗೈ ‘ಕಟಕ’ ಮುದ್ರೆಯಲ್ಲಿರುತ್ತದೆ: ಬೆರಳುಗಳು ಹೆಬ್ಬೆರಳಿನ ಕಡೆಗೆ ಬಾಗಿ ಒಂದು ಪುಟ್ಟ ಬಳೆಯಾಗುತ್ತವೆ. ದಿನವೂ ಒಂದು ತಾಜಾ ಹೂವು ಸಿಕ್ಕಿಸಲೆಂದೇ ಆ ತೂತು. ಎಡಗೈ ಹಸುವಿನ ಬಾಲದಂತೆ ಸಡಿಲವಾಗಿ ಇಳಿಬಿದ್ದಿರುತ್ತದೆ, ಅದರಲ್ಲಿ ಬಿಗಿ ಇರಬಾರದು. ಒಂದು ಹೂವಿನ ತೊಟ್ಟನ್ನೋ ಊದುಬತ್ತಿಯ ಕಡ್ಡಿಯನ್ನೋ ಬಲಗೈಯ ತೂತಿಗೆ ಹಾಕಿ ನೋಡಿ. ತೂರಿದರೆ ಮುದ್ರೆಯ ಅರ್ಥ ಬಲ್ಲವರ ಕೆಲಸ. ತೂತೇ ಇಲ್ಲದೆ ಬರಿ ಗುಳಿ ಇದ್ದರೆ ಬೆಲೆಯಲ್ಲಿ ಅದು ಕಾಣಬೇಕು. ಲೋಹ ಪರೀಕ್ಷೆಗಿಂತ ಈ ಕಡ್ಡಿ ಪರೀಕ್ಷೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

4. ಕಾಗದದ ಪಟ್ಟಿಯಿಂದ ಅಳೆಯಿರಿ. ಸ್ಥಪತಿಗಳು ಮೂರ್ತಿಯ ಎತ್ತರಕ್ಕೆ ತೆಂಗಿನ ಗರಿಯ ಒಂದು ಎಳೆ ಕತ್ತರಿಸಿ, ಅದನ್ನು ಮಡಿಸಿ ಮಡಿಸಿ ಗುರುತು ಹಾಕಿ ಅಳತೆಪಟ್ಟಿ ಮಾಡಿಕೊಳ್ಳುತ್ತಾರೆ. ಇಂಚು, ಸೆಂಟಿಮೀಟರಿನ ಗೊಡವೆ ಇಲ್ಲ, ಪ್ರತಿ ಮೂರ್ತಿಗೂ ಅದರದೇ ಅಳತೆ. ನವತಾಲ ಮಾನದಲ್ಲಿ ಒಟ್ಟು ಎತ್ತರ 108 ಅಂಗುಲ: ಮುಖ 12, ಕತ್ತು 4, ಕತ್ತಿನಿಂದ ಎದೆ 12, ಎದೆಯಿಂದ ಹೊಕ್ಕುಳು 12, ಅಲ್ಲಿಂದ ತೊಡೆಯ ಮೂಲ 12, ತೊಡೆ 24, ಮಂಡಿ 4, ಕಣಕಾಲು 24, ಪಾದದ ಎತ್ತರ 4. ದೊಡ್ಡ ದೇವರುಗಳಿಗೆ ಹೇಳಿದ ಉತ್ತಮ ದಶತಾಲದಲ್ಲಿ ಮೊತ್ತ 124 ಅಂಗುಲವಾದರೂ ಅಂಗಗಳ ನಡುವಿನ ಸಂಬಂಧ ಹೆಚ್ಚುಕಡಿಮೆ ಇದೇ. ನಿಮಗೆ ಬೇಕಾದದ್ದು ಒಂದೇ ಸೂತ್ರ: ಮುಖದ ಉದ್ದಕ್ಕೆ ಕಾಗದ ಮಡಿಸಿಕೊಳ್ಳಿ, ತೊಡೆಗೆ ಅದರ ಎರಡು ಅಳತೆ, ಕಣಕಾಲಿಗೆ ಎರಡು ಅಳತೆ. ಅಗ್ಗದ ಮೂರ್ತಿಗಳಲ್ಲಿ ತಲೆ ದೊಡ್ಡದಾಗಿ ಕಾಲು ಮೋಟಾಗುವುದು ಸಾಮಾನ್ಯ, ಏಕೆಂದರೆ ಕುಳ್ಳಗಿನ ಕಾಲಿಗೆ ಲೋಹ ಕಡಿಮೆ, ಮುರಿಯುವ ಭಯವೂ ಕಡಿಮೆ. ಈ ಅಳತೆ ನೇರ ನಿಂತ ಮೂರ್ತಿಗಷ್ಟೇ ಸಲ್ಲುತ್ತದೆ. ತ್ರಿಭಂಗಿಯ ಕೃಷ್ಣನಿಗೂ ಕುಣಿಯುವ ನಟರಾಜನಿಗೂ ಹಾಗೇ ಹಚ್ಚಬೇಡಿ. ಗಣಪತಿಯದಂತೂ ಪಂಚತಾಲ, ಅವನು ಕುಳ್ಳಗೇ ಇರಬೇಕು.

5. ಗಣಪತಿಯಾದರೆ ದಂತ, ಪಾಶ, ಅಂಕುಶ, ಮೋದಕ. ಒಂದು ದಂತ ಮುರಿದಿರಲೇಬೇಕು. ಎರಡೂ ಇಡಿಯಾಗಿರುವ ‘ಏಕದಂತ’ರು ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಹಿಂದಿನ ಕೈಗಳಲ್ಲಿ ಕುಣಿಕೆ ಯಾವುದು, ಅಂಕುಶ ಯಾವುದು ಎಂದು ಬೇರೆಬೇರೆ ಗುರುತಾಗಬೇಕು.

6. ಬೆನ್ನು ನೋಡಿ. ಉತ್ಸವಮೂರ್ತಿಯನ್ನು ಜನ ನಾಲ್ಕು ದಿಕ್ಕಿನಿಂದಲೂ ನೋಡುತ್ತಾರೆ, ಆದ್ದರಿಂದ ಹಳೆಯ ಪದ್ಧತಿಯಲ್ಲಿ ಬೆನ್ನಿಗೂ ಮುಂಭಾಗದಷ್ಟೇ ಕೆಲಸ. ಹಾರದ ಹಿಂದಿನ ಗಂಟು, ನಡುಪಟ್ಟಿಯ ತುದಿ, ತಲೆಯ ಹಿಂದಿನ ಶಿರಶ್ಚಕ್ರ ಇವೆಲ್ಲ ಇರಬೇಕು. ಬೆನ್ನು ಬೋಳಾಗಿದ್ದರೆ ಅದು ಗೋಡೆಗೆ ಒರಗಿಸಿಡಲು ಮಾಡಿದ ಸರಕು. ಪೀಠ ಮತ್ತು ಪ್ರಭಾವಳಿಯನ್ನು ಬೇರೆಯಾಗಿ ಎರಕ ಹೊಯ್ದು ಕೂಡಿಸುವುದು ತಪ್ಪಲ್ಲ, ಆದರೆ ಕೂಡಿಸಿದ್ದು ಅಲುಗಬಾರದು.

ಇಲ್ಲಿ ನಡುದಾರಿಯ ಒಂದು ಕೆಲಸವನ್ನೂ ಹೇಳಬೇಕು. ಒಂದು ಒಳ್ಳೆಯ ಮೂರ್ತಿಯಿಂದ ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ಮೇಣದ ಪ್ರತಿಗಳನ್ನು ಮಾಡಿ, ಆಮೇಲೆ ಪ್ರತಿಯೊಂದನ್ನೂ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುವುದುಂಟು. ಎರಕ ಕೈಯದೇ, ಕುಸುರಿಯೂ ಕೈಯದೇ, ಮೇಣದ ರೂಪ ಮಾತ್ರ ನಕಲು. ಇದು ಮೋಸವಲ್ಲ. ಹಾಗೆಂದು ಹೇಳಿ, ಅದಕ್ಕೆ ತಕ್ಕ ಬೆಲೆ ಕೇಳಿದರೆ ಮಧ್ಯಮ ವರ್ಗದ ಮನೆಗೆ ಬಹುಶಃ ಇದೇ ಸರಿಯಾದ ಆಯ್ಕೆ. ಆದರೆ ಒಂದೇ ಮಾದರಿಯ ಎರಡು ಮೂರ್ತಿಗಳನ್ನು ಪಕ್ಕಪಕ್ಕ ಇರಿಸಿ ಕೇಳಿ. ಹಾರದ ಮಣಿಗಳ ಎಣಿಕೆಯವರೆಗೆ ಎಲ್ಲವೂ ಒಂದೇ ಆಗಿದ್ದು, ಆದರೂ ‘ಒಂದೊಂದೂ ಬೇರೆಯಾಗಿ ಮೇಣದಲ್ಲಿ ಮಾಡಿದ್ದು’ ಎಂದರೆ ಆ ಅಂಗಡಿಯ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಕೇಳಿ.

ಚಿನ್ನ ಎಷ್ಟಿದೆ?

‘ಲೋಹವೇ ಕಳಪೆಯಾದರೆ ಕೈ ಚೆನ್ನಾಗಿದ್ದು ಏನು ಪ್ರಯೋಜನ?’ ಎಂದು ಕೇಳಬಹುದು. ಲೋಹ ಮುಖ್ಯವೇ, ಆದರೆ ಅಂಗಡಿಯಲ್ಲಿ ನಡೆಯುವ ಲೋಹದ ಚರ್ಚೆ ಹೆಚ್ಚಾಗಿ ತಪ್ಪು ಪ್ರಶ್ನೆಯ ಸುತ್ತ ಇರುತ್ತದೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಇಂದಿನ ಒಳ್ಳೆಯ ‘ಪಂಚಲೋಹ’ದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ತಾಮ್ರವೇ. ಉಳಿದದ್ದು ಹಿತ್ತಾಳೆಯಿಂದ ಬರುವ ಸತು, ಸ್ವಲ್ಪ ಸೀಸ, ಕೆಲವೊಮ್ಮೆ ತವರ. ಬೆಳ್ಳಿ-ಬಂಗಾರ ಸೇರಿದರೂ ಅದು ಸಂಪ್ರದಾಯಕ್ಕೆಂದು ಹಾಕುವ ಚೂರು. ಯಾರಾದರೂ 10 ಕೆ.ಜಿ. ಮೂರ್ತಿಯಲ್ಲಿ ನೂರಕ್ಕೆ ಒಂದು ಪಾಲು ಚಿನ್ನವಿದೆ ಎಂದರೆ ಅಲ್ಲೇ ಲೆಕ್ಕ ಹಾಕಿ: 100 ಗ್ರಾಂ ಚಿನ್ನ. ಅದರ ಅಂದಿನ ಬೆಲೆಯನ್ನು ಮೂರ್ತಿಯ ಬೆಲೆಯ ಪಕ್ಕ ಇರಿಸಿದರೆ ಮಾತಿನ ಸತ್ಯ ತಾನಾಗಿ ಹೊರಬೀಳುತ್ತದೆ. ನಿಜವಾಗಿಯೂ ಚಿನ್ನ ಸೇರಲೇಬೇಕೆಂದಿದ್ದರೆ ಮಾಡಿಸಿಕೊಳ್ಳಿ, ಹೊಯ್ಯುವ ದಿನ ಹೋಗಿ ನಿಮ್ಮ ಕೈಯಾರೆ ಮೂಸೆಗೆ ಹಾಕಿ. ಹರಕೆಯವರು ಹಾಗೆ ಮಾಡುವುದುಂಟು.

ಆಭರಣದ ಅಂಗಡಿಯ ಎಕ್ಸ್-ರೇ ಯಂತ್ರ ಮೇಲ್ಮೈಯ ಮಿಶ್ರಣವನ್ನು ಹೇಳುತ್ತದೆ, ಒಳಗಿನದನ್ನಲ್ಲ. ಮೇಲೆ ಬಣ್ಣವೋ ಲೇಪವೋ ಇದ್ದರೆ ಅದನ್ನೇ ಓದಿಬಿಡುತ್ತದೆ. ಹೀಗಾಗಿ ಪೀಠದ ಅಡಿಯಲ್ಲಿ, ಅರದಿಂದ ಉಜ್ಜಿದ ಜಾಗದಲ್ಲಿ ಹಿಡಿಸಿ.

ಸಾಮಾನ್ಯ ತಪ್ಪುಗಳು

ಅಯಸ್ಕಾಂತ ಅಂಟದಿದ್ದರೆ ಕಂಚು ಎಂದುಕೊಳ್ಳುವುದು ಮೊದಲನೆಯದು. ಅಯಸ್ಕಾಂತ ಹೇಳುವುದು ಕಬ್ಬಿಣವಿಲ್ಲ ಎಂದಷ್ಟೇ. ಹಿತ್ತಾಳೆಗೂ ಸತುವಿಗೂ ಅಲ್ಯೂಮಿನಿಯಂಗೂ ಅದು ಅಂಟುವುದಿಲ್ಲ. ತೂಕವನ್ನೇ ನಂಬುವುದು ಎರಡನೆಯದು. ಕಂಚು ಮತ್ತು ಹಿತ್ತಾಳೆಯ ಸಾಂದ್ರತೆ ತೀರ ಹತ್ತಿರ ಹತ್ತಿರ, ಎತ್ತಿ ನೋಡಿ ಬೇರೆ ಮಾಡಲಾಗದು. ಭಾರ ಬರಲೆಂದು ಪೀಠವನ್ನು ಅನಗತ್ಯವಾಗಿ ದಪ್ಪ ಮಾಡುವುದೂ ಇದೆ. ಘನ ಎರಕ, ಪೊಳ್ಳು ಎರಕ ಎರಡಕ್ಕೂ ಶಿಲ್ಪಶಾಸ್ತ್ರದಲ್ಲಿ ಹೆಸರಿದೆ, ಪೊಳ್ಳಾದದ್ದೆಲ್ಲ ಮೋಸವಲ್ಲ.

ಅಳತೆ ಮೀರಿದ ಮೂರ್ತಿಯನ್ನು ದೇವರ ಕೋಣೆಗೆ ತರುವುದು ಇನ್ನೊಂದು. ಮನೆಯ ಪೂಜೆಗೆ ಹೆಬ್ಬೆರಳಿನ ಗೆಣ್ಣಿನಿಂದ ಹಿಡಿದು ಒಂದು ಗೇಣಿನವರೆಗಿನ ಮೂರ್ತಿ ಸಾಕು ಎಂಬುದು ಮತ್ಸ್ಯಪುರಾಣದ ಮಾತು. ಇದರ ಹಿಂದೆ ನಿತ್ಯಪೂಜೆ, ನೈವೇದ್ಯಗಳ ಹೊರೆಯ ವಿವೇಕವಿದೆ. ಹಜಾರದಲ್ಲಿ ಕಲಾಕೃತಿಯಾಗಿ ಇರಿಸುವುದಾದರೆ ಈ ಮಿತಿ ಇಲ್ಲ. ಬಲಮುರಿ ಗಣಪತಿಯ ಬಗ್ಗೆ ಇರುವ ಅಂಜಿಕೆಯೂ ಆಚರಣೆಯ ಕಟ್ಟುನಿಟ್ಟಿಗೆ ಸಂಬಂಧಿಸಿದ್ದು, ಮೂರ್ತಿಯ ದೋಷವಲ್ಲ.

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ‘ಹಳೆಯದು’ ಎಂಬ ಮಾತಿಗೆ ಮರುಳಾಗುವುದು. ಹಸಿರು-ಕಪ್ಪು ಮೆರುಗನ್ನು ರಾಸಾಯನಿಕ ಹಚ್ಚಿ ಅಲ್ಪಕಾಲದಲ್ಲೇ ತರಿಸಬಹುದು. ಹಾಗಿದ್ದರೆ ನೀವು ಹೊಸದಕ್ಕೆ ಹಳೆಯ ಬೆಲೆ ಕೊಟ್ಟಿರಿ. ನಿಜವಾಗಿಯೂ ಹಳೆಯದಾಗಿದ್ದರೆ ಕಷ್ಟ ಇನ್ನೂ ದೊಡ್ಡದು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಮೂರ್ತಿ ಪುರಾವಸ್ತು. ಅದನ್ನು ಮಾರಲು ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತೆಯೇ ಇಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಳ್ಳು ಕಾಗದಪತ್ರ ನಂಬಿ ಕೊಂಡಿತ್ತು, 2014ರಲ್ಲಿ ಹಿಂತಿರುಗಿಸಬೇಕಾಯಿತು. ಪರಿಣತರ ದಂಡೇ ಇರುವ ಸಂಸ್ಥೆ ಮೋಸಹೋದ ಜಾಗದಲ್ಲಿ ಮನೆಗೆಂದು ಕೊಳ್ಳುವವರು ಸಾಹಸಕ್ಕೆ ಇಳಿಯದಿರುವುದೇ ಲೇಸು.

ಮನೆಗೆ ತಂದ ಮೇಲೆ

ಲಕ್ಷಣ ತುದಿಗಳಲ್ಲಿದೆ ಎಂದ ಮೇಲೆ ಅದು ಸವೆಯುವುದೂ ಅಲ್ಲಿಂದಲೇ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ನಿಂಬೆಹಣ್ಣು, ಉಜ್ಜುವ ಪುಡಿ ಹಾಕಿ ತಿಕ್ಕುವ ಅಭ್ಯಾಸ ಚೊಂಬು-ತಟ್ಟೆಗೆ ಸರಿ, ಮೂರ್ತಿಗೆ ಸಲ್ಲದು. ಹುಳಿ ಕಲೆಯನ್ನಷ್ಟೇ ತೆಗೆಯುವುದಿಲ್ಲ, ಮೇಲ್ಪದರದ ಲೋಹವನ್ನೂ ಒಂದಿಷ್ಟು ಕರಗಿಸುತ್ತದೆ. ಪುಡಿ ಉಬ್ಬಿದ ಜಾಗಗಳನ್ನು ಮೊದಲು ತಿನ್ನುತ್ತದೆ: ಮೂಗು, ಕಣ್ಣಿನ ರೆಪ್ಪೆ, ಬೆರಳಿನ ಉಗುರು. ಕೆಲವು ವರ್ಷ ಹೀಗೆ ನಡೆದರೆ ಹೊಳಪು ಇರುತ್ತದೆ, ಮುಖ ಇರುವುದಿಲ್ಲ. ಅಂಟುವಾಳದ ಕಾಯಿ ನೆನೆಸಿದ ಬೆಚ್ಚಗಿನ ನೀರು, ಮೃದುವಾದ ಬ್ರಷ್, ಆಮೇಲೆ ಶುದ್ಧ ನೀರು ಇಷ್ಟು ಸಾಕು. ಕಂಚಿಗೆ ಕ್ರಮೇಣ ಬರುವ ಕಂದು ಮೆರುಗು ಕೊಳೆಯಲ್ಲ, ಲೋಹಕ್ಕೆ ಅದೇ ಕಾಪು.

ಪಂಚಾಮೃತದ ಅಭಿಷೇಕ ಮಾಡುವವರು ತುಪ್ಪ-ಹಾಲಿನ ಜಿಡ್ಡು ಒಡವೆಯ ಸಂದುಗಳಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು. ಆ ಜಿಡ್ಡು ತಾಮ್ರದೊಡನೆ ಸೇರಿ ಹಸಿರು ಅಂಟಾಗುತ್ತದೆ. ಅರಿಶಿನ-ಕುಂಕುಮದ ಹೆಪ್ಪು ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನೂ ಆಗಾಗ ತೆಗೆಯಿರಿ. ತೊಳೆದ ಮೇಲೆ ಹತ್ತಿಬಟ್ಟೆಯಿಂದ ಒರಸಿ, ಬಿಸಿಲಿನಲ್ಲೋ ಹೇರ್ ಡ್ರೈಯರಿನ ಹದವಾದ ಬಿಸಿಯಲ್ಲೋ ಸಂದು ಸಂದು ಒಣಗಿಸಿ. ಕರಾವಳಿಯವರು ಇನ್ನಷ್ಟು ಎಚ್ಚರದಿಂದಿರಬೇಕು. ಉಪ್ಪಿನ ಗಾಳಿಯಿಂದ ಅಲ್ಲಲ್ಲಿ ತಿಳಿಹಸಿರು ಪುಡಿಯಂಥ ಚುಕ್ಕೆ ಏಳಬಹುದು. ಗಟ್ಟಿಯಾಗಿ ನಯವಾಗಿ ಕೂತ ಹಸಿರು ಕಿಲುಬಿನಿಂದ ಭಯವಿಲ್ಲ. ಆದರೆ ಬೆರಳಿಗೆ ಹತ್ತುವ, ಒರಸಿದ ಕೆಲವೇ ದಿನಗಳಲ್ಲಿ ಮತ್ತೆ ಏಳುವ ಪುಡಿ ಲೋಹವನ್ನು ಒಳಗಿನಿಂದ ತಿನ್ನುತ್ತಿರುವ ಗುರುತು. ಆ ಮೂರ್ತಿಯನ್ನು ಉಳಿದವುಗಳಿಂದ ಬೇರೆ ಮಾಡಿ, ಒಣ ಜಾಗದಲ್ಲಿಟ್ಟು, ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಕೊನೆಯದಾಗಿ ರಸೀದಿ. ಮೂರ್ತಿಯ ಹೆಸರು, ಎತ್ತರ, ತೂಕ, ಮೇಣದ ಎರಕವೋ ಅಚ್ಚಿನ ಎರಕವೋ, ಎಲ್ಲಿ ಮತ್ತು ಯಾವ ವರ್ಷ ಮಾಡಿದ್ದು ಇಷ್ಟನ್ನೂ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಲು ಹಿಂಜರಿಯುವ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು. ಸರ್ಕಾರಿ ಮಳಿಗೆಗಳಾದ ಕಾವೇರಿ, ಪೂಂಪುಹಾರ್‌ಗಳಲ್ಲಿ ಬಿಲ್ಲಿನ ತೊಂದರೆ ಇರುವುದಿಲ್ಲ. ಪರದೇಶಕ್ಕೆ ಒಯ್ಯುವವರಿಗೆ ಈ ಬಿಲ್ ಇನ್ನೂ ಅಗತ್ಯ. ಹಳೆಯ ಶೈಲಿಯ ಹೊಸ ಮೂರ್ತಿಯನ್ನು ವಿಮಾನನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಪುರಾವಸ್ತು ಎಂದು ಅನುಮಾನಿಸಿ ತಡೆಯುವ ಸಂಭವವಿದೆ. ಮೂರ್ತಿ ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕೊಡುತ್ತದೆ. ಅರ್ಜಿಯ ಜೊತೆ ಮೂರ್ತಿಯ ಫೋಟೊ, ಅಳತೆ, ಬಿಲ್ ಕೇಳುತ್ತಾರೆ. ಹೊರಡುವ ವಾರದಲ್ಲಿ ಓಡಾಡುವ ಬದಲು, ಟಿಕೆಟ್ ಮಾಡಿಸಿದಾಗಲೇ ಅರ್ಜಿ ಹಾಕಿಬಿಡಿ.